ಬೋಕಿ ಹಾಕುವ ದಿನ

ಕುಂಬಾರರ ಆ ಅಂಗಳವನ್ನು ಹುಡುಕಿಕೊಂಡು ಹೋಗುವವರು ಯಾರನ್ನೂ ದಾರಿ ಕೇಳಬೇಕಾಗಿರಲಿಲ್ಲ. ಮಡಕೆ ಸುಡುವ ಆವಿಗೆ ಬಿಚ್ಚಿದ ದಿನವಾದರೆ ಸದ್ದು ಹಿಡಿದು ಹೋದರೆ ಸಾಕಿತ್ತು. ಠಣ್, ಠಣ್, ಠಣ್ ಎಂದು ಒಂದೇ ಸಮ ಕೇಳುತ್ತಿರುವುದು. ನಡುವೆ ಒಮ್ಮೆ ಡಬ್ ಎನ್ನುವುದು. ಆಗ ಅಂಗಳದಲ್ಲಿ ಎಲ್ಲರ ಕೈಯೂ ನಿಲ್ಲುವುದು, ಯಾರದಪ್ಪಾ ಇದು ಎಂದು ಕತ್ತು ಚಾಚುವುದು. ಅಷ್ಟರಲ್ಲಿ ಕಲ್ಲಿನ ಮೇಲೆ ಮಡಕೆ ಒಡೆದ ಶಬ್ದ. ಮತ್ತೆ ಠಣ್, ಠಣ್, ಠಣ್.

ತಟ್ಟುತ್ತಿದ್ದವಳು ಆವಿಗೆ ಅಕ್ಕ. ಬಲಗೈಯ ನಡುಬೆರಳನ್ನು ಮಡಚಿ, ಆ ಗೆಣ್ಣಿನಿಂದ, ಸುಟ್ಟು ಬಂದ ಒಂದೊಂದು ಮಡಕೆಯನ್ನೂ ಬಾಗಿಲು ತಟ್ಟಿದ ಹಾಗೆ ತಟ್ಟುವಳು. ಠಣ್ ಎಂದರೆ ಒಳಗೆ ಬಿರುಕಿಲ್ಲ, ಮಾರಾಟದ ಸಾಲಿಗೆ. ಡಬ್ ಎಂದರೆ ಕಣ್ಣಿಗೆ ಕಾಣದ ಸೀಳು ಎಲ್ಲೋ ಇದೆ, ಕಲ್ಲಿಗೆ. ಮಾಡಿದವನು ಎದುರಿಗೇ ನಿಂತಿದ್ದರೂ ಅಷ್ಟೇ, ಬೆನ್ನು ಹಾಕಿದ್ದರೂ ಅಷ್ಟೇ. ಆ ಗೆಣ್ಣು ವರ್ಷಗಳ ಮೇಲೆ ವರ್ಷ ತಟ್ಟಿ ತಟ್ಟಿ ಸಣ್ಣ ಅಡಿಕೆಯಷ್ಟು ಗಟ್ಟಿಯಾಗಿತ್ತು. ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಎನ್ನುವರು. ಹಿಂದಿನಿಂದ ಠಣ್ ಅಕ್ಕ.

ಅವಳನ್ನು ಯಾರೂ ಯಜಮಾನಿ ಮಾಡಿರಲಿಲ್ಲ. ಅಂಗಳದ ಧಣಿ ಒಂದು ದಿನ ಬಾಗಿಲಿಗೆ ಬೀಗ ಹಾಕಿ ಹೋದವನು ತಿರುಗಿ ಬರಲೇ ಇಲ್ಲ. ಕೆಲಸದವರು ಇಪ್ಪತ್ತು ಚಿಲ್ಲರೆ ಜನ ಬಾಗಿಲ ಮುಂದೆ ಕುಳಿತು ಕಾದರು, ಬೈದರು, ಮತ್ತೆ ಕಾದರು. ಕೊನೆಗೆ ಅಕ್ಕ ಎದ್ದು ಬೀಗ ಒಡೆದಳು. ಒಳಗೆ ಹೋಗಿ ಆವಿಗೆಯ ಬೂದಿ ಬಳಿದಳು. "ಹಸಿ ಮಡಕೆ ಒಣಗಿ ಕೂತಿವೆ. ಬೆಂಕಿ ಹಾಕೋಣ, ಆಮೇಲೆ ಅಳೋಣ" ಎಂದಳು. ಬೆಂಕಿ ಹಾಕಿದರು. ಅಳುವುದಕ್ಕೆ ಹೊತ್ತು ಸಿಗಲಿಲ್ಲ. ಅಂದಿನಿಂದ ಅಂಗಳ ಎಲ್ಲರದು, ಬಂದದ್ದು ಎಲ್ಲರಿಗೂ ಸಮಪಾಲು. ಅಕ್ಕನ ಪಾಲೂ ಅಷ್ಟೇ. ಅವಳಿಗೆಂದು ಹೆಚ್ಚಿಗೆ ಇದ್ದದ್ದು ಆವಿಗೆಯ ಹಿಂಗೋಡೆಗೆ ಅಂಟಿದ ಒಂದು ಕೋಣೆ. ಗೋಡೆ ಸದಾ ಬೆಚ್ಚಗಿರುತ್ತಿತ್ತು. ಬೇಸಿಗೆಯಲ್ಲಿ ಅದು ಶಿಕ್ಷೆ. ಬೇರೆ ಯಾರೂ ಬೇಡ ಅಂದಿದ್ದಕ್ಕೇ ಅದು ಅವಳದಾಗಿತ್ತು.

ಆ ಕೋಣೆಯಲ್ಲಿ ಅವಳ ಜೊತೆ ಅವಳ ತಂಗಿ. ತಾಯಿ ಸತ್ತಾಗ ತಂಗಿಗೆ ಇನ್ನೂ ಹಾಲುಹಲ್ಲು. ಅಕ್ಕನೇ ತಲೆ ಬಾಚಿದಳು, ಅಕ್ಕನೇ ಹೊಡೆದಳು, ಅಕ್ಕನೇ ತಿರುಗುವ ತಿಗರಿಯ ಮುಂದೆ ಕೂರಿಸಿ ಮಣ್ಣು ಎತ್ತಿ ನಿಲ್ಲಿಸುವುದನ್ನು ಕಲಿಸಿದಳು. ತಂಗಿ ಮಾಡಿದ ಮೊದಲನೆಯ ಹೂಜಿ ಆವಿಗೆಯಿಂದ ಬಂದ ದಿನ ಅಕ್ಕ ಅದನ್ನು ತಟ್ಟಿದಳು. ಡಬ್. ತಂಗಿ ಅತ್ತ ಮಣ್ಣು ತುಳಿಯುತ್ತಿದ್ದಳು, ಅವಳಿಗೆ ಕೇಳಲಿಲ್ಲ. ಅಕ್ಕ ಒಂದು ಗಳಿಗೆ ನಿಂತಳು. ಆಮೇಲೆ ಆ ಹೂಜಿಯನ್ನು ಬಗಲಿಗೆ ಇಟ್ಟುಕೊಂಡು ಕೋಣೆಗೆ ಒಯ್ದಳು. "ಇದು ಮಾರೋಕಲ್ಲ, ನಮ್ಮ ಮನೆಗೆ" ಎಂದಳು. ಮಾರುವುದಕ್ಕೆ ಅಲ್ಲದ್ದನ್ನು ಒಡೆಯುವ ನಿಯಮ ಇಲ್ಲವಲ್ಲ, ಎಂದು ತನಗೆ ತಾನೇ ಹೇಳಿಕೊಂಡಿರಬೇಕು. ಆ ಹೂಜಿ ಹನಿಹನಿಯಾಗಿ ಸೋರುತ್ತಿತ್ತು. ಹೊಸ ಹೂಜಿ ಬೆವರುತ್ತೆ ಎಂದು ತಂಗಿಗೆ ಹೇಳಿ ಅಕ್ಕ ಅದರ ಕೆಳಗೆ ಒಂದು ತಟ್ಟೆ ಇಟ್ಟಳು. ವರ್ಷಗಳು ಹೋದವು. ನೀರಿನ ಉಪ್ಪು ಒಳಗೆಲ್ಲ ಬೆಳ್ಳಗೆ ಕಟ್ಟಿ ಸೀಳನ್ನು ತಾನೇ ಮುಚ್ಚಿತು. ಆಮೇಲೆ ಅದು ಸೋರಲಿಲ್ಲ. ಅಕ್ಕನಿಗೆ ಬೇರೆ ಹೂಜಿಯ ನೀರು ರುಚಿಸುತ್ತಲೂ ಇರಲಿಲ್ಲ.

ಆ ಅಂಗಳಕ್ಕೆ ಸಂಜೆ ಹೊತ್ತು ಮೇಷ್ಟ್ರು ಬರುವರು. ಶಾಲೆಯಲ್ಲಿ ಇತಿಹಾಸ ಹೇಳಿ ನಿವೃತ್ತಿಯಾದವರು, ಮಂಡಿನೋವಿನವರು. ಆವಿಗೆಯ ಗೋಡೆಗೆ ಕಾಲು ಚಾಚಿ ಕೂತರೆ ನೋವು ಇಳಿಯುತ್ತದೆ ಎಂದು ಬರುವುದು. ಬಿಟ್ಟಿ ಕಾವಿಗೆ ಬದಲಾಗಿ ಕಥೆ ಹೇಳುವರು. ಎಲ್ಲ ಹಳೇ ಕಾಲದ ಊರುಗಳ ಕಥೆ: ಯಾರು ಆಳಿದರು, ಹೇಗೆ ಆಳಿದರು, ಯಾಕೆ ಮುಳುಗಿದರು.

"ಸಿಂಧೂ ನದಿ ದಂಡೆಯ ಊರುಗಳಲ್ಲಿ ಅಗೆದು ಅಗೆದು ನೋಡಿದಾರೆ. ಬೀದಿ ಇದೆ, ಚರಂಡಿ ಇದೆ, ಸ್ನಾನದ ಕೊಳ ಇದೆ. ಅರಮನೆ ಅಂತ ಗಟ್ಟಿಯಾಗಿ ಹೇಳೋ ಹಾಗೆ ಒಂದೂ ಸಿಕ್ಕಿಲ್ಲ."

"ಹಾಗಾದ್ರೆ ರಾಜ ಎಲ್ಲಿ ಮಲಗ್ತಿದ್ದ?" ಎಂದಳು ಹಿಡಿಕೆಯವಳು. ಹೂಜಿಗಳಿಗೆ ಹಿಡಿಕೆ ಅಂಟಿಸುವವಳು ಅವಳು. ನಾಲಗೆ ಮಾತ್ರ ಯಾವ ಹಿಡಿಕೆಗೂ ಸಿಗುವಂಥದ್ದಲ್ಲ.

"ರಾಜನೇ ಇರಲಿಲ್ವೋ ಏನೋ."

"ಅಯ್ಯೋ, ಹಾಗಿದ್ರೆ ಅವರೆಲ್ಲ ಯಾರನ್ನ ಬೈತಿದ್ರು ಮೇಷ್ಟ್ರೇ?"

ಇನ್ನೊಂದು ದಿನ ಬ್ಯಾಬಿಲೋನಿನ ಕಥೆ. ಹೊಸ ವರ್ಷಕ್ಕೆ ರಾಜ ದೇವಸ್ಥಾನದ ಒಳಗೆ ಹೋಗಬೇಕು. ಪೂಜಾರಿ ಅವನ ಕಿರೀಟ ಕಿತ್ತಿಟ್ಟು ಕೆನ್ನೆಗೆ ಬಾರಿಸುತ್ತಾನೆ. ರಾಜನ ಕಣ್ಣಲ್ಲಿ ನೀರು ಬಂದರೆ ಆ ವರ್ಷ ಒಳ್ಳೆಯದು. ಇದನ್ನು ಕೇಳಿ ಅಂಗಳ ಎರಡು ದಿನ ನಕ್ಕಿತು. ಮಣ್ಣು ಕಲಸುವ ಕಿವುಡಜ್ಜನಿಗೆ ಕೈಸನ್ನೆಯಲ್ಲಿ ತೋರಿಸಿದರೆ ಅವನು ಎದ್ದು ನಿಂತು, "ನನ್ನ ಕಳಿಸಿ, ನಾನು ಚೆನ್ನಾಗಿ ಬಾರಿಸ್ತೀನಿ. ಈಗಿನವರಲ್ಲಿ ಯಾರಿಂದ ಶುರು ಮಾಡ್ಲಿ?" ಎಂದ.

ಆದರೆ ಅಕ್ಕನ ತಲೆಯಲ್ಲಿ ನಿಂತದ್ದು ಅಥೆನ್ಸ್ ಎಂಬ ಊರಿನ ಕಥೆ. ಅಲ್ಲಿ ಯಾರಾದರೂ ಒಬ್ಬ ತೀರಾ ದೊಡ್ಡವನಾಗಿ ಬೆಳೆದರೆ, ನಾಳೆ ಇವನು ನಮ್ಮ ತಲೆ ಮೇಲೆ ಕೂರುತ್ತಾನೆ ಎಂಬ ಭಯ ಜನಕ್ಕೆ ಬಂದರೆ, ಎಲ್ಲರೂ ಒಂದು ದಿನ ಕೂಡುವರು. ಒಡೆದ ಮಡಕೆಯ ಚೂರಿನ ಮೇಲೆ, ಅಂದರೆ ಬೋಕಿಯ ಮೇಲೆ, ಅವನ ಹೆಸರು ಗೀರಿ ಹಾಕುವರು. ಹೆಚ್ಚು ಬೋಕಿ ಯಾರ ಹೆಸರಿನದೋ ಅವನು ಹತ್ತು ವರ್ಷ ಊರು ಬಿಡಬೇಕು. ತಪ್ಪು ಮಾಡಿರಬೇಕು ಅಂತಿಲ್ಲ. ಅವನ ಮನೆ ಅವನದೇ, ಹೊಲ ಅವನದೇ. ಹತ್ತು ವರ್ಷ ಆದಮೇಲೆ ಬಂದು ಮೊದಲಿನ ಹಾಗೇ ಇರಬಹುದು.

"ನಾವೂ ಓಟು ಹಾಕ್ತೀವಲ್ಲ ಮೇಷ್ಟ್ರೇ, ಅದೂ ಇದೂ ಒಂದೇ ತಾನೆ?" ಎಂದಳು ಹಿಡಿಕೆಯವಳು.

"ಒಂದೇ ಅಲ್ಲಮ್ಮ. ನಾವು ಯಾರು ಬರಬೇಕು ಅಂತ ಹಾಕ್ತೀವಿ. ಅವರು ಯಾರು ಹೋಗಬೇಕು ಅಂತಲೂ ಹಾಕ್ತಿದ್ರು."

ಅಕ್ಕ ಆವಿಗೆಯ ಬಾಯಿಗೆ ಸೌದೆ ತಳ್ಳುತ್ತಿದ್ದವಳು ತಿರುಗಿದಳು. "ಹೆಂಗಸರೂ ಹಾಕ್ತಿದ್ರಾ?"

"ಇಲ್ಲಮ್ಮ. ಹೆಂಗಸರಿಗಿಲ್ಲ. ಗುಲಾಮರಿಗೂ ಇಲ್ಲ."

"ಹಾಗಾದ್ರೆ ನಾವು ಅವರಿಗಿಂತ ಚೆನ್ನಾಗಿ ಮಾಡೋಣ" ಎಂದಳು ಅಕ್ಕ.

ಹೀಗೆ ಆ ಅಂಗಳಕ್ಕೆ ಬೋಕಿ ಹಾಕುವ ದಿನ ಬಂತು. ಮಳೆಗಾಲ ಕಳೆದು ಮೊದಲನೆಯ ಆವಿಗೆ ಆರಿದ ದಿನ, ಅಂಗಳದ ನಡುವೆ ಅಗಲ ಬಾಯಿಯ ಒಂದು ದೊಡ್ಡ ಹರವಿ ಇಡುವುದು. ಆವಿಗೆಯ ಹಿಂದೆ ಅಕ್ಕ ಒಡೆದ ಮಡಕೆಗಳ ಗುಡ್ಡೆಯೇ ಇತ್ತು, ಆಳೆತ್ತರ. ಅದರಿಂದ ಒಬ್ಬೊಬ್ಬರು ಒಂದೊಂದು ಬೋಕಿ ಆರಿಸಿ ತರುವುದು. ಯಾರೂ ಹೋಗುವುದು ಬೇಡ ಎಂದರೆ ಖಾಲಿ ಬೋಕಿ ಹಾಕುವುದು. ಒಬ್ಬರು ಹೋಗಲಿ ಎಂದರೆ ಅವರ ಗುರುತು ಗೀರುವುದು. ಅಕ್ಷರ ಬಾರದವರು ಇದ್ದರು; ಆದರೆ ಮಡಕೆ ಮಾಡುವ ಪ್ರತಿಯೊಬ್ಬರಿಗೂ ಮಡಕೆಯ ತಳದಲ್ಲಿ ಒತ್ತುವ ಒಂದು ಗುರುತು ಇದ್ದೇ ಇರುತ್ತದೆ. ಒಬ್ಬಳದು ಮೀನು, ಒಬ್ಬನದು ಎಲೆ. ಆವಿಗೆ ಅಕ್ಕನದು ಬೆಂಕಿಯ ನಾಲಗೆ, ಒಂದೇ ಡೊಂಕು ಗೀರು. ಅರ್ಧಕ್ಕಿಂತ ಹೆಚ್ಚು ಬೋಕಿ ಒಬ್ಬರದೇ ಆದರೆ ಅವರು ಒಂದು ವರ್ಷ ಅಂಗಳ ಬಿಡಬೇಕು. ಹತ್ತು ವರ್ಷ ಎಂದು ಮೇಷ್ಟ್ರು ಹೇಳಿದ್ದಕ್ಕೆ ಹಿಡಿಕೆಯವಳು, "ಅಷ್ಟರಲ್ಲಿ ಕಿವುಡಜ್ಜ ಉಳಿತಾನಾ?" ಎಂದು ಇಳಿಸಿದ್ದಳು. ಕೋಣೆ ಅವರದೇ, ತಿರುಗಿ ಬಂದಮೇಲೆ ಪಾಲೂ ಅವರದೇ, ಹಿಂದಿನಿಂದ ಕೆಟ್ಟ ಮಾತಿಲ್ಲ. ವರ್ಷ ತುಂಬಿದ ದಿನ ಬಂದು ಎದ್ದ ಜಾಗದಲ್ಲೇ ಕೂರಬಹುದು.

ಮೊದಮೊದಲು ಅದು ತಮಾಷೆಯ ದಿನವಾಗಿತ್ತು. ಹರವಿ ಬಗ್ಗಿಸಿದರೆ ಎಲ್ಲ ಖಾಲಿ ಬೋಕಿ. ಒಂದು ವರ್ಷ ಯಾರೋ ಸೊಳ್ಳೆ ಬರೆದು ಹಾಕಿದ್ದರು. ಸೊಳ್ಳೆಗಳು ಒಂದು ವರ್ಷ ಅಂಗಳ ಬಿಡತಕ್ಕದ್ದು ಎಂದು ಅಕ್ಕ ಗಂಭೀರವಾಗಿ ಸಾರಿದಳು. ಇನ್ನೊಂದು ವರ್ಷ ಕನ್ನಡಕ ಬರೆದ ಬೋಕಿ ಸಿಕ್ಕಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಒಂದೇ ತಾನೆ? ಇನ್ನೂ ಕೂರಬಹುದು" ಎಂದರು.

ತಂಗಿ ಬೆಳೆದಳು. ಮಣ್ಣು ಅವಳ ಕೈಯ ಮಾತು ಕೇಳುತ್ತಿತ್ತು. ಅವಳ ಹೂಜಿಗಳು ಸಾಲಿಗೆ ಸಾಲು ಠಣ್ ಎನ್ನುವವು. ಆದರೆ ಅಕ್ಕ ತಂಗಿಯ ಸಾಲಿಗೆ ಬಂದಾಗ ಅಂಗಳದಲ್ಲಿ ಒಂದು ಸಣ್ಣ ಕೆಮ್ಮು ಏಳುತ್ತಿತ್ತು. "ತಂಗಿಯ ಮಡಕೆಗೆ ಅಕ್ಕನ ಗೆಣ್ಣು ಮೆತ್ತಗೆ" ಎಂದು ಹಿಡಿಕೆಯವಳು ಒಮ್ಮೆ ಅಂದಳು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ತಂಗಿ ನಗಲಿಲ್ಲ.

ತಂಗಿಗೆ ಮದುವೆಯಾದದ್ದು ಮಡಕೆ ಸಾಗಿಸುವ ಗಾಡಿಯವನ ಜೊತೆ. ಅವನು ಅಂಗಳದಿಂದ ಮಡಕೆ ತುಂಬಿಕೊಂಡು ದೊಡ್ಡ ಪೇಟೆಯ ಅಂಗಡಿಗಳಿಗೆ ಹಾಕಿ ಬರುವವನು. ನಗುಮುಖ, ಕೆಲಸಕ್ಕೆ ಮುಂದು, ಯಾರ ಹೆಸರನ್ನೂ ಮರೆಯುವವನಲ್ಲ. ಅಂಗಳದಲ್ಲೇ ಒಂದು ಮಗ್ಗುಲಿಗೆ ಕೋಣೆ ಕಟ್ಟಿಕೊಂಡ. ಪೇಟೆಯ ಗಾಳಿ ತಂದವನೂ ಅವನೇ.

"ಅಕ್ಕಾ, ಒಂದು ಮಾತು. ಬೈಬಾರ್ದು."

"ಬೈಯೋ ಹಾಗಿದ್ರೆ ಬೈತೀನಿ. ಹೇಳು."

"ಈಗ ಹೂಜೀಲಿ ಯಾರು ನೀರು ಕುಡಿತಾರೆ? ಪೇಟೇಲಿ ಅದನ್ನ ಬಾಗಿಲ ಹತ್ರ ಇಡ್ತಾರೆ, ಚೆಂದಕ್ಕೆ. ಒಣಗಿದ ಹೂ ಸಿಗಿಸ್ತಾರೆ. ಸೀಳು ಬಿಟ್ಟಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

"ನೀನು ಕೊಂಡ್ಕೊಳ್ಳೋಳಲ್ಲವಲ್ಲ ಅಕ್ಕಾ."

"ಹೂಜಿ ಅಂತ ಕೊಟ್ಟಮೇಲೆ ನೀರು ನಿಲ್ಲಬೇಕಪ್ಪ. ಅವರು ಹಾಕಲಿ, ಬಿಡಲಿ."

"ಹೋಗ್ಲಿ, ಸೀಳಿದ್ದನ್ನ ಬೇರೆ ಇಟ್ಟು, ಅಗ್ಗಕ್ಕೆ..."

"ಇವತ್ತು ಬೇರೆ ಇಡ್ತೀಯ. ನಾಳೆ ಬೆರೆಸ್ತೀಯ."

ಗಾಡಿಯವನು ನಕ್ಕು ಸುಮ್ಮನಾದ. ಆದರೆ ಅವನ ಮಾತು ಸುಮ್ಮನಾಗಲಿಲ್ಲ. ತಿಗರಿಯಿಂದ ತಿಗರಿಗೆ ಹೋಯಿತು. ಒಂದು ಮಡಕೆ ಎಂದರೆ ಒಬ್ಬನ ಬೆನ್ನು, ಒಬ್ಬನ ಕೈ, ಒಂದು ಹೊತ್ತಿನ ಬೆವರು. ಅದನ್ನು ಅಕ್ಕ ಎಲ್ಲರೆದುರು ಕಲ್ಲಿಗೆ ಅಪ್ಪಳಿಸುವಳು, ಮುಖದಲ್ಲಿ ಬೇಸರವೂ ಇಲ್ಲದೆ. ಹೋಗಲಿ, ಅವಳು ತಪ್ಪಿದ್ದರಾದರೂ ಬೈದು ಹಗುರಾಗಬಹುದಿತ್ತು. ಅವಳು ತಪ್ಪುತ್ತಿರಲಿಲ್ಲ. ಒಡೆದ ಮಡಕೆ ಎತ್ತಿ ನೋಡಿದರೆ ಸೀಳು ಇದ್ದೇ ಇರುತ್ತಿತ್ತು. ದಿನವೂ ಸರಿಯಾಗಿಯೇ ಇರುವವರ ಜೊತೆ ಬಾಳುವುದು ಎಷ್ಟು ಕಷ್ಟ ಎಂದು ಅಂಥವರಿಗೆ ಯಾರು ಹೇಳುತ್ತಾರೆ? ಒಮ್ಮೆ ಎಲೆ ಗುರುತಿನವನು ತನ್ನ ಒಡೆದ ಹರವಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ಒಂದ್ಸಲ ಬಿಟ್ಟಿದ್ರೆ ಏನಾಗ್ತಿತ್ತು? ಮನೇಲಿ ಮಗೂಗೆ ಮೈ ಸರಿಯಿಲ್ಲ, ಕೈ ನಡುಗಿತ್ತು" ಎಂದ. ಅಕ್ಕ, "ಮನೆಗೆ ಹೋಗಬೇಕಿತ್ತು. ನಡುಗೋ ಕೈಲಿ ಯಾಕೆ ಮಾಡ್ದೆ?" ಎಂದಳು. ಅವನು ಚೂರುಗಳನ್ನು ಆಯ್ದು ಗುಡ್ಡೆಗೆ ಹಾಕಿದ. ಒಂದನ್ನು ಮಾತ್ರ ಹಾಕಲಿಲ್ಲ.

ಆ ವರ್ಷ ಬೋಕಿ ಹಾಕುವ ದಿನದ ಬೆಳಿಗ್ಗೆ ಅಕ್ಕ ಎದ್ದು ನೀರು ಬಗ್ಗಿಸಲು ಹೋದರೆ ಮೂಲೆಯಲ್ಲಿ ಹೂಜಿ ಇಲ್ಲ. ತಟ್ಟೆ ಮಾತ್ರ ಇದೆ. ಅಷ್ಟರಲ್ಲಿ ತಂಗಿ ಬೇರೊಂದು ಹೂಜಿ ಹಿಡಿದು ಬಂದಳು.

"ಹಳೇದು ಎಲ್ಲೇ?"

"ಕೈ ಜಾರಿ ಬಿತ್ತಕ್ಕಾ. ಗುಡಿಸೋಕೆ ಬಂದಿದ್ದೆ."

"ಕೈಗೆ ತಗಲ್ಲಿಲ್ಲ ತಾನೆ?"

"ಇಲ್ಲ" ಎಂದು ತಂಗಿ ಹೊಸ ಹೂಜಿಯನ್ನು ತಟ್ಟೆಯ ಮೇಲಿಟ್ಟಳು. ಅಕ್ಕನ ಮುಖ ನೋಡದೆ ಹೋದಳು. ಹೋಗಲಿ, ಒಂದು ಹೂಜಿ, ಎಂದುಕೊಂಡಳು ಅಕ್ಕ. ಆದರೂ ಆ ಖಾಲಿ ತಟ್ಟೆಯ ಒಣ ಉಪ್ಪನ್ನು ಒಮ್ಮೆ ಬೆರಳಿನಿಂದ ಒರೆಸಿದಳು.

ಮಧ್ಯಾಹ್ನ ಹರವಿಯ ಸುತ್ತ ಎಲ್ಲರೂ ಕೂಡಿದರು. ಆ ಸಲ ಯಾರೂ ಸೊಳ್ಳೆಯ ಮಾತು ಎತ್ತಲಿಲ್ಲ. ಒಬ್ಬೊಬ್ಬರೇ ಬಂದು, ಮುಷ್ಟಿ ಬಿಗಿಹಿಡಿದು, ಹರವಿಯ ಬಾಯೊಳಗೆ ಕೈಯಿಳಿಸಿ ಬಿಟ್ಟು ಹೋದರು. ಎಲ್ಲರ ಕಣ್ಣೂ ಅವರವರ ಕಾಲಿನ ಮೇಲೆ. ಹರವಿ ಬಗ್ಗಿಸುವುದು ಯಾವತ್ತೂ ಅಕ್ಕನ ಕೆಲಸ. ಬಗ್ಗಿಸಿದಳು.

ಮೊದಲನೆಯ ಬೋಕಿ ಎತ್ತಿದಳು. ಬೆಂಕಿಯ ನಾಲಗೆ. ಎರಡನೆಯದು, ಬೆಂಕಿಯ ನಾಲಗೆ. ಮೂರನೆಯದೂ. ಗುಟ್ಟಾಗಿ ಹಾಕುವ ಬೋಕಿ ಗುಟ್ಟಾಗಿಯೇ ಇರಲಿ ಎಂಬುದು ನಿಯಮ. ಆದರೆ ಕುಂಬಾರರು ಕುಂಬಾರರಿಗೆ ಬೋಕಿ ಹಾಕಿದರೆ ಗುಟ್ಟು ಎಲ್ಲಿ ಉಳಿಯುತ್ತದೆ? ಮಡಕೆಯ ಗೋಡೆಯ ದಪ್ಪ, ಬೆರಳು ಎಳೆದ ಗೆರೆ, ಕತ್ತಿನ ತಿರುವು ಮುಟ್ಟಿದರೆ ಸಾಕು, ಯಾರ ಕೈ ಎಂದು ಅಕ್ಕನಿಗೆ ತಿಳಿಯುತ್ತದೆ. ಇದು ಎಲೆ ಗುರುತಿನವನ ಹರವಿಯದು, ಮಗುವಿಗೆ ಮೈ ಸರಿಯಿರಲಿಲ್ಲ ಎಂದಿದ್ದನಲ್ಲ, ಆವತ್ತಿನದು. ಇದು ಮೀನು ಗುರುತಿನವಳದು. ಈ ಹಿಡಿಕೆಯ ತುಂಡು ಯಾರದೆಂದು ಕುರುಡನೂ ಹೇಳುತ್ತಾನೆ. ಗುಡ್ಡೆಯಿಂದ ಸಿಕ್ಕ ಚೂರನ್ನು ಯಾರೂ ತಂದಿರಲಿಲ್ಲ. ಅವಳು ಒಡೆದ ತಂತಮ್ಮ ಮಡಕೆಯ ಚೂರನ್ನೇ ಎತ್ತಿಟ್ಟುಕೊಂಡಿದ್ದರು, ಎಷ್ಟೋ ಕಾಲದಿಂದ. ಇನ್ನೊಂದನ್ನೂ ಅವಳು ಕಂಡಳು. ಗೀರು ಎಲ್ಲದರ ಮೇಲೂ ಒಂದೇ ಥರ, ಒಂದೇ ಮೊಳೆಯದು, ಒಂದೇ ಕೈಯದು, ಗಾಡಿಯ ಮೇಲೆ ಲೆಕ್ಕದ ಗೆರೆ ಎಳೆಯುವ ಕೈ. ಚೂರು ಅವರವರದು, ಗೀರು ಒಬ್ಬನದು.

ತನ್ನದನ್ನು ಬಿಟ್ಟರೆ ಖಾಲಿ ಬೋಕಿ ಒಂದೇ ಒಂದು ಸಿಕ್ಕಿತು, ಒದ್ದೆ ಮಣ್ಣು ಮೆತ್ತಿದ್ದು. ಅಕ್ಕ ಕಿವುಡಜ್ಜನ ಕಡೆ ನೋಡಲಿಲ್ಲ.

ಕೊನೆಯಲ್ಲಿ ಒಂದು ಉಳಿಯಿತು. ಎತ್ತಿದಳು. ಒಳಗಡೆ ಬೆಳ್ಳಗೆ ಉಪ್ಪು ಕಟ್ಟಿದ ಚೂರು. ಇದರ ಮೇಲಿನ ಗೀರು ಮೊಳೆಯದಲ್ಲ. ಬೆಂಕಿಯ ನಾಲಗೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುವವಳು ಆ ಅಂಗಳದಲ್ಲಿ ಒಬ್ಬಳೇ. ಚಿಕ್ಕವಳಿದ್ದಾಗ, ಬೆಂಕಿ ಮೇಲಕ್ಕೆ ತಾನೆ ಅಕ್ಕಾ ಹೋಗೋದು ಎಂದು ಹಾಗೇ ಬರೆದು ಕಲಿತವಳು. ಎಲ್ಲರ ಹತ್ತಿರವೂ ಅಕ್ಕ ಒಡೆದ ಮಡಕೆ ಇತ್ತು. ತಂಗಿಯ ಹತ್ತಿರ ಇರಲಿಲ್ಲ. ಅದಕ್ಕೆ ತಾನೇ ಒಂದನ್ನು ಒಡೆದಿದ್ದಳು.

ಅಂಗಳ ಕಾಯುತ್ತಿತ್ತು. ಅಕ್ಕ ಬಾಯಿಬಿಟ್ಟು ಒಂದೊಂದೇ ಚೂರು ಎತ್ತಿ, ಇದು ನಿನ್ನದು, ಇದು ನಿನ್ನದು ಎಂದಿದ್ದರೆ ಒಬ್ಬರೂ ತಲೆ ಎತ್ತುತ್ತಿರಲಿಲ್ಲ. ಅವಳು ಆ ಬಿಳಿ ಚೂರನ್ನು ಉಳಿದವುಗಳ ಜೊತೆ ಸೇರಿಸಿ, "ಆಯ್ತು. ಬೆಂಕಿಯ ನಾಲಗೆ. ಒಂದು ವರ್ಷ" ಎಂದಳು. ಎಲ್ಲ ಬೋಕಿಗಳನ್ನೂ ಬಾಚಿ ಗುಡ್ಡೆಗೆ ಹಾಕಿದಳು. ಹಿಡಿಕೆಯವಳು ಮಾತ್ರ, "ಅಕ್ಕಾ, ಊಟ ಮಾಡ್ಕೊಂಡು ಹೋಗು" ಎಂದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಹೊಟ್ಟೆಪಾಡು ಎಲ್ಲಿಗೆ ಒಯ್ದರೆ ಅಲ್ಲಿಗೆ ಹೋಗಬೇಕು. ಊರಾಚೆ ಕೈತೊಳೆಯುವ ಬೇಸಿನ್ನು ಮಾಡುವ ಒಂದು ದೊಡ್ಡ ಕಾರ್ಖಾನೆಯಲ್ಲಿ ಅಕ್ಕನಿಗೆ ಕೆಲಸ ಸಿಕ್ಕಿತು. ಅಲ್ಲಿ ಅವಳದು ಸುತ್ತುವ ಕೆಲಸ. ಸರಪಳಿಯ ಮೇಲೆ ಬರುವ ಬೇಸಿನ್ನನ್ನು ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ಇಳಿಸುವುದು. ಮೊದಲನೆಯ ದಿನ ಅಭ್ಯಾಸಬಲದಿಂದ ಗೆಣ್ಣು ಮಡಚಿ ತಟ್ಟಿದಳು. ಡಬ್. ಕೈ ತಾನಾಗಿ ಪಕ್ಕದಲ್ಲಿ ಕಲ್ಲು ಹುಡುಕಿತು. ಮೇಲ್ವಿಚಾರಕ ಓಡಿಬಂದ.

"ಏನಮ್ಮ ಮಾಡ್ತಿದೀಯ?"

"ಇದು ಸೀಳಿದೆ ಸಾರ್."

"ಸೀಳಿರಲಿ, ಹಾರಿರಲಿ. ನಿನಗೆ ಹೇಳಿರೋದು ಸುತ್ತೋಕೆ. ತಟ್ಟೋಕಲ್ಲ."

ಗೋಡೆಯ ಮೇಲೆ ಕಾರ್ಖಾನೆಯ ದೊಡ್ಡವರ ಫೋಟೋ ಇತ್ತು. ಅವರನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಪಕ್ಕದ ಮೇಜಿನವಳನ್ನು ಅಕ್ಕ ಕೇಳಿದಳು, "ಇವರು ಸರಿಯಿಲ್ಲ ಅಂದ್ರೆ ಇವರನ್ನ ಯಾರು ಕಳಿಸೋದು?" ಅವಳು ಕಣ್ಣು ಅರಳಿಸಿ, "ಅವರು ನಮ್ಮನ್ನ ಕಳಿಸ್ತಾರೆ ಕಣಕ್ಕ. ನಾವು ಅವರನ್ನ ಕಳಿಸೋದು ಎಲ್ಲಾದ್ರೂ ಉಂಟಾ?" ಎಂದು ನಕ್ಕಳು. ಅಂಥ ಊರೊಂದು ಇತ್ತು ಎಂದು ಹೇಳಹೊರಟ ಅಕ್ಕ ನಾಲಗೆ ಕಚ್ಚಿಕೊಂಡಳು. ಇತ್ತಲ್ಲ, ಅದಕ್ಕೇ ತಾನೆ ತಾನು ಇಲ್ಲಿ ಕೂತಿರುವುದು.

ಒಮ್ಮೆ ಮೇಷ್ಟ್ರು ಕುಂಟುತ್ತ ಕಾರ್ಖಾನೆಯ ಬಾಗಿಲಿಗೆ ಬಂದರು. ಊಟದ ಬಿಡುವಿನಲ್ಲಿ ಇಬ್ಬರೂ ಕಟ್ಟೆಯ ಮೇಲೆ ಕೂತರು. ಅಂಗಳದಲ್ಲಿ ಈಗ ಸೌದೆಯ ಆವಿಗೆ ಇಲ್ಲವಂತೆ. ಗ್ಯಾಸಿನ ಪೆಟ್ಟಿಗೆ ಬಂದಿದೆಯಂತೆ, ಅದರ ಗೋಡೆ ಬಿಸಿಯಾಗುವುದೇ ಇಲ್ಲವಂತೆ. ಮೇಷ್ಟ್ರ ಮಂಡಿಗೆ ಅಲ್ಲಿ ಕೆಲಸವಿಲ್ಲ.

"ಒಂದು ವಿಷಯ ನಿಮಗೆ ಹೇಳಿರಲಿಲ್ಲಮ್ಮ. ಆ ಅಥೆನ್ಸಿನಲ್ಲಿ ಒಂದು ಹಳೇ ಬಾವಿ ಅಗೆದಾಗ ಬೋಕಿಗಳ ರಾಶಿ ಸಿಕ್ಕಿತ್ತು. ನೂರಾರು ಚೂರು, ಎಲ್ಲದರ ಮೇಲೂ ಒಬ್ಬನದೇ ಹೆಸರು. ಬರೆದ ಕೈಗಳು ಮಾತ್ರ ಹತ್ತು ಹದಿನಾಲ್ಕು. ಯಾರೋ ಮೊದಲೇ ಗೀರಿಟ್ಟು ಹಂಚೋಕೆ ತಯಾರು ಮಾಡಿಟ್ಟಿದ್ರು."

ಅಕ್ಕ ಅವರನ್ನೇ ನೋಡಿದಳು. "ಇದನ್ನ ಮೊದಲೇ ಹೇಳಬಾರದಿತ್ತಾ ಮೇಷ್ಟ್ರೇ?"

"ಕಥೆ ಕೆಡುತ್ತೆ ಅಂತ ಬಿಟ್ಟೆ."

ಅಕ್ಕ ಬುತ್ತಿಯ ಮುಚ್ಚಳ ಹಾಕಿದಳು. ಆಮೇಲೆ ಅಕ್ಕ ಮೇಷ್ಟ್ರ ಮಂಡಿಯ ಮೇಲೆ ತನ್ನ ಅಂಗೈ ಇಟ್ಟು, "ಈ ಕೈಯಲ್ಲೂ ಈಗ ಕಾವಿಲ್ಲ" ಎಂದಳು.

ವರ್ಷ ತುಂಬಿತು. ಬೋಕಿ ಹಾಕುವ ದಿನ ಅಕ್ಕ ಕಾರ್ಖಾನೆಗೆ ಕೈಮುಗಿದು, ಗಂಟು ಹಿಡಿದು ಅಂಗಳಕ್ಕೆ ಬಂದಳು. ನಿಯಮ ಅವಳ ಕಡೆಗಿತ್ತು: ಎದ್ದ ಜಾಗದಲ್ಲೇ ಕೂರಬಹುದು. ಬೇಕಾದದ್ದು ಅಷ್ಟೇ, ಆ ಬೆಂಕಿಯ ಮುಂದಿನ ಜಾಗ, ಗ್ಯಾಸಿನ ಬೆಂಕಿಯಾದರೂ ಸರಿ. ಯಜಮಾನಿಕೆ ಯಾರಾದರೂ ಇಟ್ಟುಕೊಳ್ಳಲಿ.

ದಾರಿಯಲ್ಲಿ ಸದ್ದು ಹುಡುಕಿದಳು. ಸದ್ದು ಇರಲಿಲ್ಲ. ಬಾಗಿಲ ಮೇಲೆ ಬೋರ್ಡು ಬಂದಿತ್ತು, ಅದರಲ್ಲಿ ಅಧ್ಯಕ್ಷ ಎಂದು ತಂಗಿಯ ಗಂಡನ ಹೆಸರು. ಪಕ್ಕದಲ್ಲಿ ಚೆಂದಕ್ಕೆ ಬೆಂಕಿಯ ನಾಲಗೆಯ ಚಿತ್ರ. ಈಗ ಎಲ್ಲ ಮಡಕೆಗೂ ಅದೇ ಗುರುತಂತೆ, ಪೇಟೆಯವರು ಆ ಗುರುತು ಇದ್ದರೇ ನಂಬುತ್ತಾರಂತೆ. ಹಳೇ ಆವಿಗೆಯ ಹಿಂದೆ ಬೋಕಿಯ ಗುಡ್ಡೆ ಇದ್ದ ಕಡೆ ನೆಲ ಸಮವಾಗಿತ್ತು.

"ಗುಡ್ಡೆ ಎಲ್ಲಿ ಹೋಯ್ತೇ?"

ಹಿಡಿಕೆಯವಳು ಅಕ್ಕನ ಕೈ ಹಿಡಿದುಕೊಂಡಿದ್ದಳು. ಅವಳ ನಾಲಗೆಯ ಚೂಪು ಹೋಗಿತ್ತು. "ಅಧ್ಯಕ್ಷರ ರೂಮಿನ ಪಾಯಕ್ಕೆ ತುಂಬಿದ್ರು ಅಕ್ಕಾ."

"ಇವತ್ತು ಬೋಕಿ ಹಾಕೋ ದಿನ ಅಲ್ವಾ?"

"ಬೋಕಿ ಎಲ್ಲಿಂದ ತರೋಣ? ಈಗ ಒಂದೂ ಒಡೆಯೋದೇ ಇಲ್ಲವಲ್ಲ." ಸುತ್ತ ನೋಡಿ ದನಿ ತಗ್ಗಿಸಿದಳು. "ಎಲ್ಲಾನೂ ಮಾರ್ತಾರೆ. ಯಾರಾದ್ರೂ ಮಡಕೆ ಒಡೆದು ಚೂರು ಮಾಡಿದ್ರೆ ನಷ್ಟ ಮಾಡ್ದೆ ಅಂತ ಪಾಲು ಹಿಡೀತಾರೆ. ನಿನ್ನ ಕಾಲದಲ್ಲಿ ಬೈಕೊಳ್ತಾ ಆದ್ರೂ ಕೈಗೆ ಒಂದು ಚೂರು ಸಿಕ್ತಿತ್ತು."

ಗಾಡಿಯವನು, ಈಗ ಅಧ್ಯಕ್ಷ, ನಗುತ್ತಲೇ ಬಂದ. ಕಾಲಿಗೂ ಬಿದ್ದ. "ಬಾ ಅಕ್ಕಾ. ನಿನ್ನ ರೂಮು ನಿನ್ನದೇ. ಡಬ್ಬಗಳನ್ನ ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ಆಯ್ತು. ಪಾಲೂ ನಿನ್ನದೇ. ಮಾತು ಅಂದ್ರೆ ಮಾತು. ಬೆಂಕಿ ಅಂತೂ ಈಗ ಬಟನ್ ಒತ್ತಿದ್ರೆ ಬರುತ್ತೆ, ಅದಕ್ಕೆ ಆಳು ಬೇಡ. ಸುತ್ತೋ ಕೆಲಸ ಇದೆ, ನಿನಗೆ ಅಭ್ಯಾಸನೂ ಆಗಿದೆ." ಒಂದು ಕ್ಷಣ ನಗು ನಿಲ್ಲಿಸಿದ. "ತಟ್ಟಬಾರದು ಅಷ್ಟೇ. ಪೇಟೆಯವರು ಬಂದು ಹೋಗ್ತಿರ್ತಾರೆ. ಅವರ ಎದುರು ಡಬ್ ಅಂದ್ರೆ ಚೆನ್ನಾಗಿರಲ್ಲ."

ಅಷ್ಟರಲ್ಲಿ ತಂಗಿ ಬಂದಳು. ಕೈಯಲ್ಲಿ ಆಗತಾನೇ ಆರಿದ ಒಂದು ಹೂಜಿ. ಅಕ್ಕನ ಮುಂದೆ ನಿಂತಳು. ವರ್ಷದ ಹಿಂದೆ ತಿರುಗಿಸಿಕೊಂಡ ಮುಖವನ್ನು ಈಗ ನೇರ ಹಿಡಿದಳು.

"ಅಕ್ಕಾ, ನನ್ನ ಮಡಕೇನ ನೀನು ಒಂದು ಸಲನೂ ಒಡೀಲಿಲ್ಲ. ಎಲ್ಲರೂ ಕೆಮ್ಮೋರು. ನನ್ನ ಕೈ ಚೆನ್ನಾಗಿದ್ದಿದ್ದಕ್ಕೆ ಉಳೀತಾ, ನಿನ್ನ ತಂಗಿ ಅಂತ ಉಳೀತಾ, ನನಗೇ ಗೊತ್ತಾಗಲಿಲ್ಲ. ಆ ಹಳೇ ಹೂಜಿ ಒಡೆದಾಗ ಒಳಗಿನ ಸೀಳು ನೋಡಿದೆ. ಹುಟ್ಟಿದಾಗಿಂದ್ಲೂ ಸೀಳಿತ್ತು ಅದು. ಆಮೇಲೆ ನಿನ್ನ ಯಾವ ಮಾತಿನ ಮೇಲೂ ನಂಬಿಕೆ ಉಳೀಲಿಲ್ಲ." ಹೂಜಿಯನ್ನು ಮುಂದೆ ಚಾಚಿದಳು. "ಇದನ್ನ ತಟ್ಟು. ಒಂದೇ ಸಲ. ನಿಜ ಹೇಳು."

"ಏಯ್, ಈಗ ಯಾಕೆ ಅದೆಲ್ಲ?" ಎಂದ ಅಧ್ಯಕ್ಷ.

ತಿಗರಿಗಳು ನಿಂತವು. ಎಲೆ ಗುರುತಿನವನು ಎದ್ದು ನಿಂತ. ಕಿವುಡಜ್ಜ ಕತ್ತು ಚಾಚಿದ. ಅಕ್ಕ ಗಂಟು ಕೆಳಗಿಟ್ಟಳು. ಅವಳು ಆ ಒಂದು ಹೂಜಿಯನ್ನು ಕಲ್ಲಿಗೆ ಅಪ್ಪಳಿಸಿದ್ದರೆ ಅಂಗಳಕ್ಕೆ ಬೇಕಾದಷ್ಟು ಬೋಕಿ ಸಿಗುತ್ತಿತ್ತು. ಒಂದು ಹೂಜಿಯಲ್ಲಿ ಇಪ್ಪತ್ತು ಚಿಲ್ಲರೆ ಚೂರು ಧಾರಾಳ ಆಗುತ್ತವೆ. ಹಿಡಿಕೆಯವಳ ಕಣ್ಣು ಆಗಲೇ ನೆಲದ ಮೇಲಿನ ಕಲ್ಲನ್ನು ನೋಡುತ್ತಿತ್ತು.

ಅಕ್ಕ ನಡುಬೆರಳು ಮಡಚಿ ತಟ್ಟಿದಳು.

ಡಬ್.

ಕಿವುಡಜ್ಜನನ್ನು ಬಿಟ್ಟು ಎಲ್ಲರಿಗೂ ಕೇಳಿಸಿತು. ಆ ಇಪ್ಪತ್ತು ಚಿಲ್ಲರೆ ಜನ ಅಕ್ಕನ ಕೈಯನ್ನೇ ನೋಡಿದರು. ಅಕ್ಕ ಅವರನ್ನು ಒಬ್ಬೊಬ್ಬರನ್ನೇ ನೋಡಿದಳು. ಯಾರ್ಯಾರ ಚೂರು ಎಂಥದಿತ್ತು ಎಂದು ಅವಳ ಬೆರಳು ಮರೆತಿರಲಿಲ್ಲ. ಒಡೆಯಬೇಕೆಂದು ಈಗ ಕಾಯುತ್ತಿರುವವರು ಇವರೇ. ಒಡೆದಳೆಂದು ಕಳಿಸಿದವರೂ ಇವರೇ. ನಾಳೆ ಮತ್ತೆ ಕಳಿಸುವವರೂ ಇವರೇ.

"ಚೆನ್ನಾಗಿದೆ" ಎಂದಳು.

ಹೂಜಿಯನ್ನು ತಂಗಿಯ ಕೈಗೆ ಕೊಟ್ಟು, ಗಂಟು ಎತ್ತಿಕೊಂಡು, ಡಬ್ಬಗಳ ಕೋಣೆಗೆ ಹೋದಳು.

ಈಗಲೂ ಅಲ್ಲಿಗೆ ಹೋದರೆ ಅವಳು ಕಾಣಸಿಗುತ್ತಾಳೆ. ಬಾಗಿಲ ಪಕ್ಕ ತಗ್ಗು ಮೇಜಿನ ಮುಂದೆ ಕೂತು ಮಡಕೆಗಳಿಗೆ ಕಾಗದ ಸುತ್ತುತ್ತಿರುತ್ತಾಳೆ. ಮೃದುವಾಗಿ ಸುತ್ತುತ್ತಾಳೆ, ಬೆರಳುಗಳನ್ನು ನೀಟಾಗಿ ಚಾಚಿ, ಎಲ್ಲೂ ಗೆಣ್ಣು ತಗಲದ ಹಾಗೆ. ಕೊಳ್ಳಲು ಬಂದವರು ಎಂಥ ಶಾಂತ ಹೆಂಗಸು ಎನ್ನುತ್ತಾರೆ. ಗ್ಯಾಸಿನ ಪೆಟ್ಟಿಗೆ ಆರಿದ ದಿನಗಳಲ್ಲಿ ಅವಳ ತಂಗಿ ತನ್ನ ಕೈಯ ಒಂದು ಹೂಜಿ ತಂದು ಅವಳ ಮುಂದೆ ಇಟ್ಟು, ಅವಳ ಗೆಣ್ಣನ್ನೇ ನೋಡುತ್ತ ನಿಲ್ಲುತ್ತಾಳೆ. ಅಕ್ಕ ಕಾಗದ ಹರಿಯುತ್ತಾಳೆ, ಸುತ್ತು ಹಾಕುತ್ತಾಳೆ, ಡಬ್ಬಕ್ಕೆ ಇಳಿಸುತ್ತಾಳೆ. ತಂಗಿ ಇನ್ನೂ ನಿಂತೇ ಇರುತ್ತಾಳೆ.